ಅಧ್ಯಕ್ಷ ಹುದ್ದೆಯ ಅಭ್ಯರ್ಥಿಗಳನ್ನು ತೂಗಿ ನೋಡುವ ಬಗೆ

ಅಧ್ಯಕ್ಷೀಯ ಚುನಾವಣೆ ಹತ್ತಿರವಾದಂತೆ ಮತದಾರರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, ಇವರಲ್ಲಿ ಯಾರು ಒಳ್ಳೆಯವರು ಎಂಬುದು. ಯಾವ ಕೆಲಸಕ್ಕೆ ಒಳ್ಳೆಯವರು ಎಂದು ತಿಳಿಯದೆ ಆ ಪ್ರಶ್ನೆಗೆ ಉತ್ತರ ಹುಡುಕುವುದು ವ್ಯರ್ಥ. ಐರ್ಲೆಂಡಿನ ಅಧ್ಯಕ್ಷರನ್ನು ಜನರೇ 7 ವರ್ಷಗಳಿಗೆ ಆರಿಸುತ್ತಾರೆ, ಆದರೆ ಆಡಳಿತ ನಡೆಸುವುದು ಪ್ರಧಾನಿಯ ಸರ್ಕಾರ. ಒಂದು ಮಸೂದೆ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ಸುಪ್ರೀಂ ಕೋರ್ಟಿಗೆ ಕೇಳಿ ಕಳಿಸುವಂಥ ಕೆಲವೇ ಅಧಿಕಾರಗಳು ಅಧ್ಯಕ್ಷರ ಕೈಯಲ್ಲಿವೆ. ಫಿನ್ಲೆಂಡಿನಲ್ಲಿ ಅಧ್ಯಕ್ಷರು ಸರ್ಕಾರದ ಜೊತೆಗೂಡಿ ವಿದೇಶಾಂಗ ನೀತಿಯನ್ನು ನಡೆಸುತ್ತಾರೆ, ಸೇನೆಯ ಮಹಾದಂಡನಾಯಕರೂ ಅವರೇ, ಆದರೆ ದೇಶದೊಳಗಿನ ದಿನನಿತ್ಯದ ಆಡಳಿತ ಅವರದಲ್ಲ. ಅಮೆರಿಕದಲ್ಲಿಯಾದರೆ ಇಡೀ ಕಾರ್ಯಾಂಗವೇ ಅಧ್ಯಕ್ಷರ ಹೆಸರಿನಲ್ಲಿ ನಡೆಯುತ್ತದೆ. ಈ ಮೂವರನ್ನೂ ಅಧ್ಯಕ್ಷರೆಂದೇ ಕರೆಯುತ್ತೇವೆ, ಮಾಡುವ ಕೆಲಸ ಮಾತ್ರ ಬೇರೆ ಬೇರೆ. ಆದ್ದರಿಂದ ಅಭ್ಯರ್ಥಿಗಳ ಹೆಸರನ್ನು ಬದಿಗಿಟ್ಟು ಮೊದಲು ಹುದ್ದೆಯನ್ನೇ ಓದಿಕೊಳ್ಳಬೇಕು ಎಂಬುದು ಈ ಬರಹದ ಮುಖ್ಯ ಸಲಹೆ.

ಮೊದಲು ಹುದ್ದೆಯನ್ನು ಓದಿ

ಸಂವಿಧಾನದಲ್ಲಿ ಅಧ್ಯಕ್ಷರ ಬಗ್ಗೆ ಇರುವ ಭಾಗ ಬಹುತೇಕ ದೇಶಗಳಲ್ಲಿ ಕೆಲವೇ ಪುಟಗಳದ್ದು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಓದುವಾಗ ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆದುಕೊಳ್ಳಿ. ಅಧ್ಯಕ್ಷರು ಯಾರ ಒಪ್ಪಿಗೆಯೂ ಇಲ್ಲದೆ ಒಬ್ಬರೇ ಮಾಡಬಹುದಾದ ಕೆಲಸಗಳು ಮೊದಲನೆಯದರಲ್ಲಿ, ಸಂಸತ್ತಿನ ಅಥವಾ ಬೇರೆ ಸಂಸ್ಥೆಯ ಒಪ್ಪಿಗೆ ಬೇಕಾದವು ಎರಡನೆಯದರಲ್ಲಿ, ಅವರ ಕೈಗೆ ಎಟುಕದವು ಮೂರನೆಯದರಲ್ಲಿ ಇರಲಿ. ಅಮೆರಿಕದ ಹುದ್ದೆಯನ್ನೇ ತೆಗೆದುಕೊಂಡರೆ, ಒಕ್ಕೂಟದ ಕಾನೂನಿನಡಿ ಶಿಕ್ಷೆಗೊಳಗಾದವರಿಗೆ ಕ್ಷಮಾದಾನ ನೀಡುವುದು ಮೊದಲ ಸಾಲಿಗೆ ಸೇರುತ್ತದೆ. ಸೆನೆಟ್‌ನ ಮೂರನೇ ಎರಡು ಭಾಗದ ಸಮ್ಮತಿ ಬೇಕಾದ ವಿದೇಶಿ ಒಪ್ಪಂದಗಳು ಮತ್ತು ಸೆನೆಟ್ ಒಪ್ಪಬೇಕಾದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನೇಮಕ ಎರಡನೆಯದಕ್ಕೆ. ಸಂವಿಧಾನಕ್ಕೆ ತಿದ್ದುಪಡಿ ಮಾಡುವುದು ಮೂರನೆಯದಕ್ಕೆ. ಫ್ರಾನ್ಸ್‌ನ ಅಧ್ಯಕ್ಷರಾದರೆ ಸಂಸತ್ತಿನ ಕೆಳಮನೆಯಾದ ರಾಷ್ಟ್ರೀಯ ಸಭೆಯನ್ನು ವಿಸರ್ಜಿಸಬಲ್ಲರು, ಸಂವಿಧಾನದ 16ನೇ ವಿಧಿಯಡಿ ತುರ್ತು ಅಧಿಕಾರಗಳನ್ನೂ ವಹಿಸಿಕೊಳ್ಳಬಲ್ಲರು.

ಈ ಮೂರರಲ್ಲಿ ಹೆಚ್ಚು ಹೊತ್ತು ನೋಡಬೇಕಾದದ್ದು ಮೊದಲ ಸಾಲನ್ನು. ಪ್ರಚಾರದಲ್ಲಿ ಅತಿ ಕಡಿಮೆ ಚರ್ಚೆಗೆ ಬರುವುದೂ ಅದೇ. ಬೆಲೆ ಏರಿಕೆ, ಉದ್ಯೋಗ, ತೆರಿಗೆ ಇವುಗಳ ಬಗ್ಗೆ ಎಲ್ಲ ಅಭ್ಯರ್ಥಿಗಳೂ ಗಂಟೆಗಟ್ಟಲೆ ಮಾತನಾಡುತ್ತಾರೆ, ಆದರೆ ಅವುಗಳಲ್ಲಿ ಬಹುಪಾಲು ಎರಡನೇ ಸಾಲಿನ ವಿಷಯಗಳು. ಕ್ಷಮಾದಾನ ಯಾರಿಗೆ, ಸೇನೆಯನ್ನು ಯಾವಾಗ ಕಳಿಸುವುದು, ಯಾವ ಅಧಿಕಾರಿಯನ್ನು ಕಿತ್ತು ಹಾಕುವುದು, ತುರ್ತು ಸ್ಥಿತಿಯನ್ನು ಯಾವ ಕಾರಣಕ್ಕೆ ಘೋಷಿಸುವುದು ಎಂಬಂಥ ಪ್ರಶ್ನೆಗಳಲ್ಲಿ ಅಧ್ಯಕ್ಷರ ಸ್ವಂತ ವಿವೇಕವೊಂದೇ ಅಂಕುಶ. ಒಬ್ಬರೇ ಕೂತು ನಿರ್ಧರಿಸುವ ಕೆಲಸಕ್ಕೆ ಒಬ್ಬ ಮನುಷ್ಯನ ಗುಣ ನೇರವಾಗಿ ತಗಲುತ್ತದೆ. ಮತದಾರನು ಅಭ್ಯರ್ಥಿಯ ಸ್ವಭಾವವನ್ನು ಅಷ್ಟೊಂದು ಗಮನಿಸಬೇಕಾದ ಕಾರಣ ಇದೇ ಎಂದು ನಾನು ನಂಬಿದ್ದೇನೆ.

ಅವಧಿಯ ಮಿತಿಯನ್ನೂ ಅದೇ ಹಾಳೆಯ ಅಂಚಿನಲ್ಲಿ ಬರೆದಿಡಿ. ದಕ್ಷಿಣ ಕೊರಿಯಾದ ಅಧ್ಯಕ್ಷರಿಗೆ 5 ವರ್ಷದ, ಮೆಕ್ಸಿಕೊದ ಅಧ್ಯಕ್ಷರಿಗೆ 6 ವರ್ಷದ ಒಂದೇ ಅವಧಿ. ಅಮೆರಿಕದಲ್ಲಿ 1951ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಯಾರೂ ಎರಡಕ್ಕಿಂತ ಹೆಚ್ಚು ಬಾರಿ ಆಯ್ಕೆಯಾಗುವಂತಿಲ್ಲ. ಮತ್ತೆ ಜನರ ಮುಂದೆ ಹೋಗಬೇಕಾದ ಅಧ್ಯಕ್ಷರಿಗೆ ಚುನಾವಣೆಯ ಭಯ ಇರುತ್ತದೆ, ಹೋಗಬೇಕಿಲ್ಲದವರಿಗೆ ಇರುವುದಿಲ್ಲ. ಅಂಥವರನ್ನು ಆರಿಸುವಾಗ ಪರೀಕ್ಷೆ ಇನ್ನಷ್ಟು ಬಿಗಿಯಾಗಿರಲಿ.

ಭರವಸೆಗಳನ್ನು ಸಾಲಿಗೆ ಹಚ್ಚಿ

ಈಗ ಪ್ರಣಾಳಿಕೆಗಳನ್ನು ತೆರೆಯಬಹುದು. ಪ್ರತಿಯೊಂದು ಭರವಸೆಯನ್ನೂ ಮೂರು ಸಾಲುಗಳಲ್ಲಿ ಒಂದಕ್ಕೆ ಹಾಕುತ್ತ ಹೋಗಿ. ಮೂರನೇ ಸಾಲಿನಲ್ಲೇ ಹೆಚ್ಚು ಭರವಸೆಗಳು ಬಂದು ಬಿದ್ದರೆ ಆ ಅಭ್ಯರ್ಥಿಗೆ ಹುದ್ದೆಯ ಮಿತಿ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಅಂಗೈಯಲ್ಲಿ ಅರಮನೆ ತೋರಿಸುತ್ತಿದ್ದಾರೆ. ಎರಡೂ ಒಳ್ಳೆಯ ಸೂಚನೆಯಲ್ಲ. ಎರಡನೇ ಸಾಲಿನ ಪ್ರತಿಯೊಂದು ಭರವಸೆಗೂ ಮೂರು ಉಪಪ್ರಶ್ನೆ ಕೇಳಿ: ಇದಕ್ಕೆ ಕಾನೂನು ಬದಲಾಗಬೇಕೇ, ಆ ಕಾನೂನಿಗೆ ಸಂಸತ್ತಿನಲ್ಲಿ ಮತಗಳು ಎಲ್ಲಿಂದ ಬರುತ್ತವೆ, ಹಣ ಯಾವ ಬಾಬಿನಿಂದ ಬರುತ್ತದೆ. ‘ಸೋರಿಕೆ ತಡೆದು ಹಣ ಹೊಂದಿಸುತ್ತೇವೆ’ ಎಂಬುದು ಎಲ್ಲ ಭಾಷೆಗಳಲ್ಲೂ ಕೇಳಿಬರುವ ಉತ್ತರ. ಎಷ್ಟು ಸೋರಿಕೆ, ಯಾವ ಇಲಾಖೆಯಲ್ಲಿ, ಎಷ್ಟು ವರ್ಷದಲ್ಲಿ ತಡೆಯುತ್ತಾರೆ ಎಂಬುದು ಜೊತೆಗಿಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಸಂಸತ್ತು ಜೊತೆಗಿಲ್ಲದಿದ್ದರೆ ಅಧ್ಯಕ್ಷರ ಭರವಸೆಗೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸ್ ಸ್ಪಷ್ಟವಾದ ಉದಾಹರಣೆ ಕೊಟ್ಟಿದೆ. 1995ರಲ್ಲಿ ಗೆದ್ದ ಜಾಕ್ ಶಿರಾಕ್ 1997ರಲ್ಲಿ ರಾಷ್ಟ್ರೀಯ ಸಭೆಯನ್ನು ತಾವಾಗಿ ವಿಸರ್ಜಿಸಿ ಚುನಾವಣೆಗೆ ಹೋದರು; ಎಡಪಕ್ಷಗಳು ಗೆದ್ದವು, ಸಮಾಜವಾದಿ ನಾಯಕ ಲಿಯೊನೆಲ್ ಜೋಸ್ಪಿನ್ ಪ್ರಧಾನಿಯಾದರು, ಮುಂದಿನ 5 ವರ್ಷ ದೇಶದೊಳಗಿನ ನೀತಿಗಳನ್ನು ನಡೆಸಿದ್ದು ಬಹುಮಟ್ಟಿಗೆ ಅಧ್ಯಕ್ಷರ ಎದುರಾಳಿಗಳೇ. ಹಾಗಾಗಿ ಅಧ್ಯಕ್ಷರ ಚುನಾವಣೆಯ ಜೊತೆಗೇ ಅಥವಾ ಹಿಂದುಮುಂದಾಗಿ ಸಂಸತ್ತಿನ ಚುನಾವಣೆ ನಡೆಯುವ ದೇಶಗಳಲ್ಲಿ ಎರಡೂ ಮತಗಳನ್ನು ಒಟ್ಟಿಗೆ ಯೋಚಿಸಬೇಕು. ಬಹುಮತ ಸಿಗದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಅಭ್ಯರ್ಥಿ ಕೊಡುವ ಉತ್ತರವು ಇಡೀ ಪ್ರಣಾಳಿಕೆಗಿಂತ ಹೆಚ್ಚು ತಿಳಿಸುತ್ತದೆ. ಮಾತುಕತೆ ನಡೆಸುತ್ತೇನೆ, ಈ ಎರಡನ್ನು ಬಿಟ್ಟುಕೊಟ್ಟು ಈ ಒಂದನ್ನು ಉಳಿಸಿಕೊಳ್ಳುತ್ತೇನೆ ಎನ್ನುವವರು ಕೆಲಸ ಬಲ್ಲವರು. ಜನ ನನ್ನ ಜೊತೆಗಿದ್ದಾರೆ, ಸಂಸತ್ತು ಬಗ್ಗಲೇಬೇಕು ಎನ್ನುವವರ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಳ್ಳಿ.

ಹಿಂದೆ ಅಧಿಕಾರ ಸಿಕ್ಕಾಗ ಏನು ಮಾಡಿದರು

ಭವಿಷ್ಯದ ಬಗ್ಗೆ ಆಡುವ ಮಾತಿಗೆ ಒರೆಗಲ್ಲು ಹಿಂದಿನ ನಡತೆಯೇ. ಅಭ್ಯರ್ಥಿ ರಾಜ್ಯಪಾಲರಾಗಿದ್ದರೆ, ಸಚಿವರಾಗಿದ್ದರೆ, ನಗರದ ಮೇಯರ್ ಆಗಿದ್ದರೆ, ಸಂಸದರಾಗಿದ್ದರೆ ಅದಕ್ಕೆ ಲಿಖಿತ ದಾಖಲೆ ಇರುತ್ತದೆ: ಸದನದಲ್ಲಿ ಹಾಕಿದ ಮತಗಳು, ಮಂಡಿಸಿದ ಬಜೆಟ್‌ಗಳು, ಲೆಕ್ಕಪರಿಶೋಧಕರ ವರದಿಗಳು, ಅವರ ಆದೇಶಗಳ ಮೇಲೆ ನ್ಯಾಯಾಲಯಗಳು ಕೊಟ್ಟ ತೀರ್ಪುಗಳು. ಇವೆಲ್ಲವನ್ನೂ ಓದಲು ಯಾರಿಗೂ ಬಿಡುವಿಲ್ಲ. ಹಾಗಾಗಿ ನಿಮಗೆ ಮುಖ್ಯವೆನಿಸುವ ಎರಡೇ ವಿಷಯ ಆರಿಸಿಕೊಂಡು ಅವುಗಳ ಬಗ್ಗೆ ಮಾತ್ರ ಆಳವಾಗಿ ಹುಡುಕಿ. ಶಾಲೆ ಮತ್ತು ಆಸ್ಪತ್ರೆ ಇರಬಹುದು, ಕೃಷಿ ಮತ್ತು ನೀರು ಇರಬಹುದು. ಹತ್ತು ವಿಷಯಗಳನ್ನು ಮೇಲುಮೇಲೆ ನೋಡುವುದಕ್ಕಿಂತ ಎರಡನ್ನು ಬುಡಮಟ್ಟ ನೋಡಿದರೆ ಮನುಷ್ಯರು ಹೆಚ್ಚು ತಿಳಿಯುತ್ತಾರೆ.

ಹುಡುಕುವಾಗ ಸಾಧನೆಗಳ ಪಟ್ಟಿಯಲ್ಲೇ ನಿಲ್ಲಬೇಡಿ. ಯಾರಾದರೂ ‘ಇದು ಸಾಧ್ಯವಿಲ್ಲ’ ಎಂದಾಗ ಆ ವ್ಯಕ್ತಿ ಏನು ಮಾಡಿದರು ಎಂಬುದನ್ನು ಹುಡುಕಿ. ನ್ಯಾಯಾಲಯ ಆದೇಶವನ್ನು ರದ್ದು ಮಾಡಿದಾಗ ತೀರ್ಪನ್ನು ಪಾಲಿಸಿದರೇ? ಅಧಿಕಾರಿಯೊಬ್ಬರು ಕಡತದಲ್ಲಿ ವಿರೋಧ ಬರೆದಾಗ ಅವರನ್ನು ವರ್ಗ ಮಾಡಿದರೇ, ಕರೆದು ಮಾತನಾಡಿದರೇ? ತಪ್ಪೊಂದು ಬಯಲಾದಾಗ ಒಪ್ಪಿಕೊಂಡರೇ, ಕೆಳಗಿನವರ ತಲೆಗೆ ಕಟ್ಟಿದರೇ? ಎಂದೂ ಸಾರ್ವಜನಿಕ ಹುದ್ದೆಯಲ್ಲಿರದ ಅಭ್ಯರ್ಥಿಗೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ, ಅವರು ನಡೆಸಿದ ಉದ್ಯಮದಲ್ಲಿ, ಸಂಘಟನೆಯಲ್ಲಿ ಅಥವಾ ದಳದಲ್ಲಿ ಉತ್ತರ ಹುಡುಕಬೇಕಾಗುತ್ತದೆ ಅಷ್ಟೇ. ಜೊತೆಗೆ ಕೆಲಸ ಮಾಡಿ ಬಿಟ್ಟುಬಂದವರು ಏನು ಹೇಳುತ್ತಾರೆ ಎಂಬುದನ್ನು ಓದಿ. ಒಬ್ಬರ ಮಾತು ವೈಯಕ್ತಿಕ ದ್ವೇಷವಾಗಿರಬಹುದು, ಪರಸ್ಪರ ಪರಿಚಯವಿಲ್ಲದ ಐದಾರು ಜನ ಒಂದೇ ದೂರು ಹೇಳಿದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಇವೆಲ್ಲಕ್ಕಿಂತ ಮೇಲೆ ನಾನು ಇಡುವ ಪರೀಕ್ಷೆಯೊಂದಿದೆ. ಸೋತರೆ ಈ ವ್ಯಕ್ತಿ ಕುರ್ಚಿ ಬಿಟ್ಟು ಇಳಿಯುತ್ತಾರೆಯೇ? ನೈಜೀರಿಯಾದಲ್ಲಿ 2015ರಲ್ಲಿ ಅಧಿಕಾರದಲ್ಲಿದ್ದ ಗುಡ್‌ಲಕ್ ಜೋನಾಥನ್ ಅಂತಿಮ ಫಲಿತಾಂಶ ಘೋಷಣೆಯಾಗುವ ಮೊದಲೇ ಎದುರಾಳಿ ಮುಹಮ್ಮದು ಬುಹಾರಿ ಅವರಿಗೆ ದೂರವಾಣಿ ಮಾಡಿ ಅಭಿನಂದಿಸಿದರು. ಮರುವರ್ಷ ಗ್ಯಾಂಬಿಯಾದಲ್ಲಿ ಯಾಹ್ಯಾ ಜಮ್ಮೆ ಸೋಲನ್ನು ಮೊದಲು ಒಪ್ಪಿಕೊಂಡು, ಕೆಲವೇ ದಿನಗಳಲ್ಲಿ ಮಾತು ಬದಲಿಸಿದರು. ನೆರೆಯ ದೇಶಗಳ ಸೈನ್ಯ ಗಡಿ ದಾಟಿದ ಮೇಲಷ್ಟೇ 2017ರ ಜನವರಿಯಲ್ಲಿ ಅವರು ದೇಶ ಬಿಟ್ಟರು. ಎರಡು ದೇಶಗಳ ಸಾಮಾನ್ಯ ಜನರ ಆ ವಾರಗಳು ಎಷ್ಟು ಬೇರೆಯಾಗಿದ್ದವು ಎಂದು ಊಹಿಸಿಕೊಂಡರೆ, ಈ ಪ್ರಶ್ನೆಯನ್ನು ಕೊನೆಗೆ ಇಡಬಾರದೆಂದು ತಿಳಿಯುತ್ತದೆ. ಫಲಿತಾಂಶ ಏನೇ ಬಂದರೂ ಒಪ್ಪುತ್ತೀರಾ ಎಂದು ನೇರವಾಗಿ ಕೇಳಿದಾಗ ಅಭ್ಯರ್ಥಿ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಉತ್ತರಿಸಿದರೆ, ಆ ಉತ್ತರವನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳಿ.

ಜೊತೆಗೆ ಬರುವವರು

ಮತಪತ್ರದಲ್ಲಿ ಒಂದು ಹೆಸರು ಕಂಡರೂ ಹಿಂದೆ ಹಲವರು ಬರುತ್ತಾರೆ. ಅವರಲ್ಲಿ ಮುಖ್ಯರು ಉಪಾಧ್ಯಕ್ಷರು. ಅಮೆರಿಕದಲ್ಲಿ ಇದುವರೆಗೆ 8 ಅಧ್ಯಕ್ಷರು ಅಧಿಕಾರದಲ್ಲಿರುವಾಗಲೇ ತೀರಿಕೊಂಡಿದ್ದಾರೆ, ಒಬ್ಬರು ರಾಜೀನಾಮೆ ಕೊಟ್ಟಿದ್ದಾರೆ. 9 ಬಾರಿಯೂ ಉಪಾಧ್ಯಕ್ಷರೇ ಆ ಕುರ್ಚಿಯಲ್ಲಿ ಕುಳಿತರು. 1944ರಲ್ಲಿ ನಾಲ್ಕನೇ ಬಾರಿ ಗೆದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ನಿಧನರಾದಾಗ ಹ್ಯಾರಿ ಟ್ರೂಮನ್ ಉಪಾಧ್ಯಕ್ಷರಾಗಿ ಮೂರು ತಿಂಗಳೂ ತುಂಬಿರಲಿಲ್ಲ, ಪರಮಾಣು ಬಾಂಬ್ ಯೋಜನೆಯ ಪೂರ್ಣ ವಿವರ ಅವರಿಗೆ ದೊರೆತದ್ದು ಅಧ್ಯಕ್ಷರಾದ ಮೇಲೆ. ಅದೇ ವರ್ಷದ ಆಗಸ್ಟ್‌ನಲ್ಲಿ ಆ ಬಾಂಬನ್ನು ಬಳಸಿದ್ದು ಅವರ ಆಡಳಿತದಲ್ಲೇ. ಬ್ರೆಜಿಲ್‌ನಲ್ಲಿ 2016ರಲ್ಲಿ ಡಿಲ್ಮಾ ರೂಸೆಫ್ ಅವರನ್ನು ವಾಗ್ದಂಡನೆಯ ಮೂಲಕ ಪದಚ್ಯುತಗೊಳಿಸಿದಾಗ ಬೇರೆ ಪಕ್ಷದ ಉಪಾಧ್ಯಕ್ಷ ಮಿಶೆಲ್ ಟೆಮೆರ್ ಅಧಿಕಾರಕ್ಕೆ ಬಂದರು, ಆರ್ಥಿಕ ನೀತಿಯ ದಿಕ್ಕೇ ಬದಲಾಯಿತು. ಆದ್ದರಿಂದ ಉಪಾಧ್ಯಕ್ಷ ಅಭ್ಯರ್ಥಿಯನ್ನು ನೋಡಿ, ಈ ವ್ಯಕ್ತಿಯೇ ನಾಳೆ ಅಧ್ಯಕ್ಷರಾದರೆ ನನಗೆ ಒಪ್ಪಿಗೆಯೇ ಎಂದು ಕೇಳಿಕೊಳ್ಳುವುದು ಅನಿವಾರ್ಯ. ಫಿಲಿಪ್ಪೀನ್ಸ್‌ನಲ್ಲಿ ಉಪಾಧ್ಯಕ್ಷರಿಗೆ ಪ್ರತ್ಯೇಕವಾಗಿ ಮತ ಹಾಕಬೇಕಾಗಿರುವುದರಿಂದ ಅಲ್ಲಿನ ಮತದಾರರಿಗೆ ಈ ಕೆಲಸ ಎರಡು ಪಟ್ಟು.

ಅಭ್ಯರ್ಥಿಯ ಆರೋಗ್ಯದ ಪ್ರಶ್ನೆಯನ್ನು ಅನೇಕರು ಅಸಭ್ಯವೆಂದು ಬಿಟ್ಟುಬಿಡುತ್ತಾರೆ. ಫ್ರಾನ್ಸ್‌ನ ಫ್ರಾನ್ಸ್ವಾ ಮಿತ್ತೆರಾಂ ಅವರಿಗೆ 1981ರಲ್ಲೇ ಕ್ಯಾನ್ಸರ್ ಪತ್ತೆಯಾಗಿದ್ದರೂ ಜನರಿಗೆ ಅದು ತಿಳಿದದ್ದು 1992ರಲ್ಲಿ. ನಡುವೆ ಅವರು ಮತ್ತೊಮ್ಮೆ ಚುನಾವಣೆ ಗೆದ್ದಿದ್ದರು. ವೈದ್ಯಕೀಯ ವರದಿ ಬಹಿರಂಗಪಡಿಸುತ್ತೀರಾ ಎಂದು ಕೇಳುವುದು ಮತದಾರರ ನ್ಯಾಯವಾದ ಹಕ್ಕು.

ಹಣ ಕೊಟ್ಟವರೂ ಜೊತೆಗೇ ಬರುತ್ತಾರೆ. ಅಮೆರಿಕದಲ್ಲಿ 200 ಡಾಲರ್‌ಗಿಂತ ಹೆಚ್ಚು ದೇಣಿಗೆ ಕೊಟ್ಟವರ ಹೆಸರನ್ನು ಒಕ್ಕೂಟ ಚುನಾವಣಾ ಆಯೋಗ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಫ್ರಾನ್ಸ್‌ನಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳ ಆಸ್ತಿ ವಿವರ ಮತದಾನಕ್ಕೆ ಮೊದಲೇ ಬಹಿರಂಗವಾಗುತ್ತದೆ. ನಿಮ್ಮ ದೇಶದಲ್ಲಿ ಯಾವ ದಾಖಲೆ ಸಿಗುತ್ತದೆಯೋ ಅದನ್ನು ನೋಡಿ, ದೊಡ್ಡ ದಾನಿಗಳ ಉದ್ಯಮಕ್ಕೂ ಪ್ರಣಾಳಿಕೆಯ ಯಾವುದಾದರೂ ಸಾಲಿಗೂ ನಂಟಿದೆಯೇ ಎಂದು ಹೋಲಿಸಿ.

ಮಾತು, ಚಿತ್ರ, ಸಮೀಕ್ಷೆ

1960ರ ಸೆಪ್ಟೆಂಬರ್ 26ರಂದು ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ದೂರದರ್ಶನದ ಕ್ಯಾಮೆರಾ ಎದುರು ಚರ್ಚೆಗೆ ನಿಂತ ಮೇಲೆ ಅಭ್ಯರ್ಥಿಯ ಮುಖ, ಬೆವರು, ಉಡುಪು ಎಲ್ಲವೂ ಚುನಾವಣೆಯ ವಿಷಯವಾದವು. ಚರ್ಚೆಗಳನ್ನು ನೋಡುವುದರಲ್ಲಿ ತಪ್ಪಿಲ್ಲ, ಆದರೆ ಮರುದಿನ ಅದರ ಲಿಖಿತ ಪ್ರತಿಯನ್ನೂ ಓದಿ. ಧ್ವನಿಯ ಏರಿಳಿತ ಮತ್ತು ಚಪ್ಪಾಳೆ ಇಲ್ಲದ ಕಾಗದದ ಮೇಲೆ, ಪ್ರಶ್ನೆಗೆ ಉತ್ತರ ಬಂದಿದೆಯೋ ಇಲ್ಲವೋ ಎಂಬುದು ಎದ್ದು ಕಾಣುತ್ತದೆ. ಅಭ್ಯರ್ಥಿ ಉದ್ಯಮಿಗಳ ಸಭೆಯಲ್ಲಿ ಹೇಳಿದ್ದನ್ನು ಕಾರ್ಮಿಕರ ಸಭೆಯಲ್ಲಿ ಹೇಳಿದ್ದರ ಪಕ್ಕದಲ್ಲಿಟ್ಟು ಓದುವುದು ಇನ್ನೂ ಒಳ್ಳೆಯದು.

ಫೋನಿಗೆ ಬರುವ ತುಣುಕು ವಿಡಿಯೊ ಮತ್ತು ಧ್ವನಿಮುದ್ರಿಕೆಗಳ ಬಗ್ಗೆ ಕಟ್ಟುನಿಟ್ಟಾಗಿರಿ. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಗೆ ಮೊದಲು, ಅಧ್ಯಕ್ಷ ಜೋ ಬೈಡನ್ ಅವರ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ಅನುಕರಿಸಿದ ಕರೆಗಳು ಮತದಾರರಿಗೆ ಹೋಗಿದ್ದವು. ಈ ಬಾರಿ ಮತ ಹಾಕಬೇಡಿ ಎಂಬುದು ಆ ಕರೆಯ ಸಾರ. ಪೂರ್ಣ ಭಾಷಣ ಎಲ್ಲಿದೆ, ಯಾವ ದಿನದ್ದು, ಸ್ಥಳದಲ್ಲಿದ್ದ ಬೇರೆ ವರದಿಗಾರರು ಅದನ್ನೇ ಬರೆದಿದ್ದಾರೆಯೇ ಎಂಬ ಮೂರು ಉತ್ತರ ಸಿಗುವವರೆಗೆ ಯಾವ ತುಣುಕನ್ನೂ ನಿಮ್ಮ ಹಾಳೆಗೆ ಸೇರಿಸಬೇಡಿ, ಇತರರಿಗೆ ಕಳಿಸಲೂ ಬೇಡಿ. ಮತದಾನದ ಹಿಂದಿನ ಎರಡು ದಿನಗಳಲ್ಲಿ ಬರುವ ಸ್ಫೋಟಕ ಸುದ್ದಿಗೆ ಈ ನಿಯಮ ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಅದನ್ನು ಅಲ್ಲಗಳೆಯಲು ಎದುರಿನವರಿಗೆ ಸಮಯವೇ ಇರುವುದಿಲ್ಲ.

ಇಲ್ಲಿ ಓದುಗರು ತಮ್ಮ ಮನಸ್ಸನ್ನೂ ಪರೀಕ್ಷೆಗೆ ಒಡ್ಡಬೇಕು. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು ಎನ್ನುವಂತೆ, ಇಷ್ಟವಿಲ್ಲದ ಅಭ್ಯರ್ಥಿಯ ಒಳ್ಳೆಯ ಯೋಜನೆಯಲ್ಲೂ ನಮಗೆ ಕುತಂತ್ರ ಕಾಣುತ್ತದೆ. ಮೆಚ್ಚಿನವರ ಹಗರಣ ಪಿತೂರಿಯಾಗಿ ಕಾಣುತ್ತದೆ. ಇದಕ್ಕೊಂದು ಸರಳ ಉಪಾಯವಿದೆ. ಹೆಸರುಗಳನ್ನು ಅದಲುಬದಲು ಮಾಡಿ ಅದೇ ಸುದ್ದಿಯನ್ನು ಮತ್ತೊಮ್ಮೆ ಓದಿ. ತೀರ್ಪು ಬದಲಾದರೆ ನೀವು ತೂಗುತ್ತಿದ್ದುದು ಕೆಲಸವನ್ನಲ್ಲ, ಹೆಸರನ್ನು ಎಂದಾಯಿತು. ನಮ್ಮ ಮತದ, ನಮ್ಮ ಭಾಷೆಯ, ನಮ್ಮ ಪ್ರಾಂತ್ಯದ ಅಭ್ಯರ್ಥಿಯ ವಿಷಯದಲ್ಲಿ ಈ ಅಭ್ಯಾಸ ಕಷ್ಟ, ಆದರೆ ಅಲ್ಲೇ ಅದು ಹೆಚ್ಚು ಬೇಕು.

ಸಮೀಕ್ಷೆಗಳ ಬಗ್ಗೆ ಒಂದೆರಡು ಮಾತು ಸಾಕು. ಸರಿಯಾಗಿ ಆರಿಸಿದ 1000 ಜನರ ಸಮೀಕ್ಷೆಯಲ್ಲೂ ಶೇ 3ರಷ್ಟು ಆಚೀಚೆ ಆಗುವ ಸಾಧ್ಯತೆ ಇದೆ, ಆದ್ದರಿಂದ ಶೇ 2ರ ಮುನ್ನಡೆಗೆ ಅರ್ಥ ಕಟ್ಟಬೇಡಿ. ಎಷ್ಟು ಜನರನ್ನು ಕೇಳಿದರು ಎಂಬುದಕ್ಕಿಂತ ಹೇಗೆ ಆರಿಸಿದರು ಎಂಬುದು ಮುಖ್ಯ: 1936ರಲ್ಲಿ ಅಮೆರಿಕದ ವಾರಪತ್ರಿಕೆಯೊಂದು 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಪಡೆದು ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು, ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು.

ಮತ ಎಣಿಸುವ ನಿಯಮವೂ ತೀರ್ಮಾನದ ಭಾಗ

ಯಾರು ಉತ್ತಮರು ಎಂದು ನಿರ್ಧರಿಸಿದ ಮೇಲೂ ಮತವನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಉತ್ತರ ಎಣಿಕೆಯ ನಿಯಮದಲ್ಲಿದೆ. ಒಂದೇ ಸುತ್ತಿನಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುವ ಕಡೆ ಮತ ಹಂಚಿಹೋಗುವ ಅಪಾಯ ದೊಡ್ಡದು. ದಕ್ಷಿಣ ಕೊರಿಯಾದಲ್ಲಿ 1987ರಲ್ಲಿ ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದ ಕಿಮ್ ಯಂಗ್ ಸ್ಯಾಮ್ ಮತ್ತು ಕಿಮ್ ಡೇ ಜುಂಗ್ ಇಬ್ಬರೂ ಸ್ಪರ್ಧಿಸಿದರು. ಅವರ ಮತಗಳು ಒಡೆದು, ಹಳೆಯ ಸೇನಾ ಆಡಳಿತದ ಕಡೆಯ ರೋ ಟೇ ವೂ ಶೇ 37ಕ್ಕೂ ಕಡಿಮೆ ಮತದಿಂದ ಗೆದ್ದರು. ಫಿಲಿಪ್ಪೀನ್ಸ್‌ನಲ್ಲಿ 1992ರಲ್ಲಿ ಫಿಡೆಲ್ ರಾಮೋಸ್ ಗೆಲ್ಲಲು ಶೇ 24ರಷ್ಟು ಮತವೂ ಬೇಕಾಗಲಿಲ್ಲ. ಇಂಥ ದೇಶಗಳಲ್ಲಿ ಮೆಚ್ಚಿನ ಅಭ್ಯರ್ಥಿಯ ಜೊತೆಗೆ, ಒಪ್ಪಲಾಗದ ಅಭ್ಯರ್ಥಿಯನ್ನು ತಡೆಯಬಲ್ಲವರು ಯಾರು ಎಂಬುದನ್ನೂ ಲೆಕ್ಕ ಹಾಕಬೇಕಾಗುತ್ತದೆ. ನೈಜೀರಿಯಾ ಈ ಅಪಾಯಕ್ಕೆ ಬೇರೆ ಬಗೆಯ ತಡೆ ಇಟ್ಟಿದೆ: ಹೆಚ್ಚು ಮತ ಪಡೆಯುವುದರ ಜೊತೆಗೆ ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಕನಿಷ್ಠ ಶೇ 25ರಷ್ಟು ಮತ ಬೇಕು, ಒಂದೇ ಪ್ರಾಂತ್ಯದ ಬಲ ಅಲ್ಲಿ ಸಾಲದು.

ಅಮೆರಿಕದಲ್ಲಿ ದೇಶದಾದ್ಯಂತ ಹೆಚ್ಚು ಮತ ಪಡೆದವರೇ ಗೆಲ್ಲಬೇಕೆಂದಿಲ್ಲ. 538 ಮತಗಳ ಎಲೆಕ್ಟೋರಲ್ ಕಾಲೇಜಿನಲ್ಲಿ, ಅಂದರೆ ರಾಜ್ಯವಾರು ಆಯ್ಕೆಯಾದ ಪ್ರತಿನಿಧಿಗಳ ಮಂಡಳಿಯಲ್ಲಿ, 270 ದಕ್ಕಬೇಕು. 2000 ಮತ್ತು 2016ರಲ್ಲಿ ಹೆಚ್ಚು ಜನಮತ ಪಡೆದವರು ಸೋತರು, 2000ದಲ್ಲಿ ಫ್ಲಾರಿಡಾ ರಾಜ್ಯ 537 ಮತಗಳ ಅಂತರದಲ್ಲಿ ಇಡೀ ಫಲಿತಾಂಶವನ್ನು ನಿರ್ಧರಿಸಿತು. ಶ್ರೀಲಂಕಾದ ಮತದಾರರಿಗೆ ಮೂರು ಅಭ್ಯರ್ಥಿಗಳವರೆಗೆ 1, 2, 3 ಎಂದು ಆದ್ಯತೆ ಗುರುತಿಸುವ ಅವಕಾಶವಿದೆ. ಬಹುಕಾಲ ಅದನ್ನು ಯಾರೂ ಅಷ್ಟಾಗಿ ಲೆಕ್ಕಿಸಿರಲಿಲ್ಲ, ಆದರೆ 2024ರ ಸೆಪ್ಟೆಂಬರ್‌ನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದೆ, ಮೊದಲ ಬಾರಿಗೆ ಎರಡನೇ ಆದ್ಯತೆಗಳನ್ನು ಎಣಿಸಿದ ಮೇಲೆ ಅನುರ ಕುಮಾರ ದಿಸ್ಸಾನಾಯಕೆ ಗೆದ್ದರು. ಆದ್ಯತೆಯ ಸೌಲಭ್ಯ ಇರುವ ಕಡೆ ಎರಡನೇ ಹೆಸರನ್ನು ಮೊದಲನೆಯದರಷ್ಟೇ ಯೋಚಿಸಿ ಬರೆಯಿರಿ.

ಎರಡು ಸುತ್ತಿನ ಚುನಾವಣೆಯಲ್ಲಿ ಮೊದಲ ಸುತ್ತನ್ನು ಹಗುರವಾಗಿ ಕಾಣುವವರು ಹೆಚ್ಚು. 2002ರಲ್ಲಿ ಫ್ರಾನ್ಸ್‌ನ ಎಡಪಕ್ಷಗಳ ಮತದಾರರು ಹಲವು ಅಭ್ಯರ್ಥಿಗಳಿಗೆ ಹಂಚಿಹೋದಾಗ ಜೋಸ್ಪಿನ್ ಮೂರನೇ ಸ್ಥಾನಕ್ಕೆ ಬಿದ್ದು ಕಣದಿಂದ ಹೊರಗುಳಿದರು, ಎರಡನೇ ಸುತ್ತು ಶಿರಾಕ್ ಮತ್ತು ತೀವ್ರ ಬಲಪಂಥದ ಜಾನ್ ಮರಿ ಲೆ ಪೆನ್ ನಡುವೆ ನಡೆಯಿತು. ಮೊದಲ ಸುತ್ತಿನಲ್ಲಿ ನಿಮ್ಮ ಅಭ್ಯರ್ಥಿ ಸೋತರೆ ಹಾಳೆಯನ್ನು ಹರಿದು ಹಾಕಬೇಡಿ, ಉಳಿದ ಇಬ್ಬರ ಹೆಸರಿನಲ್ಲಿ ಅದನ್ನು ಹೊಸದಾಗಿ ತುಂಬಿ. ಎರಡು ಸುತ್ತುಗಳ ನಡುವಿನ ದಿನಗಳಲ್ಲಿ ಹೊಸ ಮೈತ್ರಿಗಳು ಏರ್ಪಡುತ್ತವೆ, ಸಚಿವ ಸ್ಥಾನಗಳ ಮಾತುಕತೆ ನಡೆಯುತ್ತದೆ, ಹಳೆಯ ಪ್ರಣಾಳಿಕೆಯ ಕೆಲವು ಸಾಲುಗಳು ಸದ್ದಿಲ್ಲದೆ ಮಾಯವಾಗುತ್ತವೆ. ಯಾರು ಯಾರೊಂದಿಗೆ ಏನು ಒಪ್ಪಂದ ಮಾಡಿಕೊಂಡರು, ಅದು ಲಿಖಿತದಲ್ಲಿ ಇದೆಯೇ, ನೀವು ಆರಿಸಿಕೊಂಡ ಆ ಎರಡು ವಿಷಯಗಳಲ್ಲಿ ಯಾವುದನ್ನು ಬಿಟ್ಟುಕೊಟ್ಟರು ಎಂಬುದನ್ನು ಮತದಾನದ ಹಿಂದಿನ ದಿನದವರೆಗೂ ಬರೆದುಕೊಳ್ಳುತ್ತಾ ಇರಿ.